ಜೋಡಿ ಇಂಜಿನ್ನಿನ ಫೈಟರ್ ಗೆದ್ದದ್ದೆಲ್ಲಿ, ಸೋತದ್ದೆಲ್ಲಿ

ಕೇಳುಗರಿಗೆ ನಮಸ್ಕಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ನಮ್ಮ ಮೈಸೂರಿನ ಹೆಸರಿನದೇ ಒಂದು ತುಕಡಿ ಇತ್ತು: 129ನೇ ಸ್ಕ್ವಾಡ್ರನ್. ಸಂಸ್ಥಾನ ಕೊಟ್ಟ ಹಣಕ್ಕಾಗಿ ಆ ಹೆಸರು. ಲಾಂಛನದಲ್ಲಿ ನಮ್ಮ ಗಂಡಭೇರುಂಡ. ಎರಡು ತಲೆಯ ಹಕ್ಕಿಯ ಗುರುತಿದ್ದರೂ ಅವರು ಹಾರಿಸಿದ್ದು ಸ್ಪಿಟ್‌ಫೈರ್, ಆಮೇಲೆ ಮಸ್ಟಾಂಗ್. ಎರಡೂ ಒಂಟಿ ಇಂಜಿನ್ನಿನವೇ. ಇವತ್ತು ನಾನು ಹೇಳಹೊರಟಿರುವುದು ಜೋಡಿ ಇಂಜಿನ್ನಿನ ಫೈಟರ್‌ಗಳ ಕಾಳಗದ ಬಗ್ಗೆ.

ಎರಡು ಇಂಜಿನ್ ಯಾಕೆ ಬೇಕಾಯಿತು? ದೂರ ಹೋಗಲು, ಎತ್ತರಕ್ಕೇರಲು. ಅದಕ್ಕಿಂತ ದೊಡ್ಡ ಲಾಭ ಮೂತಿಯಲ್ಲಿತ್ತು. ಇಂಜಿನ್‌ಗಳು ರೆಕ್ಕೆಗೆ ಹೋದ ಮೇಲೆ ಮೂತಿ ಖಾಲಿ. ಅಮೆರಿಕದ ಪಿ-38 ಲೈಟ್ನಿಂಗ್ ಅಲ್ಲಿ ಒಂದು 20 ಮಿ.ಮೀ. ಫಿರಂಗಿ, ನಾಲ್ಕು ಅರ್ಧ ಇಂಚಿನ ಮೆಷಿನ್‌ಗನ್ ಹೊತ್ತಿತ್ತು. ಫಿರಂಗಿಗೆ 150 ಗುಂಡು, ಒಂದೊಂದು ಗನ್ನಿಗೆ 500. ರೆಕ್ಕೆಯಲ್ಲಿ ಗನ್ ಇದ್ದರೆ ಎರಡೂ ಕಡೆಯ ಗುಂಡು ಒಂದು ಗೊತ್ತಾದ ದೂರದಲ್ಲಷ್ಟೇ ಕೂಡುತ್ತವೆ. ಅದರ ಈಚೆಗೋ ಆಚೆಗೋ ಗುರಿಯಿದ್ದರೆ ಹೊಡೆತ ಚದುರುತ್ತದೆ. ಮೂತಿಯ ಗನ್ನಿಗೆ ಆ ಲೆಕ್ಕಾಚಾರವೇ ಬೇಡ. ಆದರೆ ಫಿರಂಗಿಯ ಗುಂಡೆಲ್ಲ ಸುಮಾರು 15 ಸೆಕೆಂಡಿನಲ್ಲಿ ಮುಗಿದುಹೋಗುತ್ತಿತ್ತು.

ಈಗ ನಷ್ಟದ ಕಡೆ ಬರೋಣ. ಹೆಗಲ ಮೇಲೆ ನೀರಿನ ಅಡ್ಡೆ ಹೊತ್ತವನು ಗಿರಕ್ಕನೆ ತಿರುಗಲಾರ. ರೆಕ್ಕೆಯ ಎರಡೂ ಕಡೆ ಭಾರದ ಇಂಜಿನ್ ಕಟ್ಟಿಕೊಂಡ ವಿಮಾನದ್ದೂ ಅದೇ ಪಾಡು. ಮಗ್ಗುಲು ಹೊರಳಲು ಅದಕ್ಕೆ ಹೊತ್ತು ಬೇಕು, ಹೊರಳದೆ ತಿರುವಿಲ್ಲ. 1940ರಲ್ಲಿ ಇಂಗ್ಲೆಂಡಿನ ಮೇಲೆ ಬಂದ ಜರ್ಮನಿಯ ಮೆಸರ್ಶ್ಮಿಟ್ 110 ಇದಕ್ಕೇ ಬೆಲೆ ತೆತ್ತಿತು. ಸ್ಪಿಟ್‌ಫೈರ್, ಹರಿಕೇನ್‌ಗಳು ಬೆನ್ನು ಹತ್ತಿದಾಗ ಅವು ಒಂದರ ಬಾಲಕ್ಕೆ ಇನ್ನೊಂದು ಕಾವಲಾಗಿ ಚಕ್ರಾಕಾರ ಸುತ್ತುತ್ತಿದ್ದವು. ಬಾಂಬರ್‌ಗಳಿಗೆ ಕಾವಲಾಗಿ ಬಂದವಕ್ಕೇ ಕಾವಲು ಬೇಕಾಯಿತು. ಆ ಒಂದು ಋತುವಿನಲ್ಲಿ 200ಕ್ಕೂ ಹೆಚ್ಚು ನಾಶವಾದವು.

ಪೆಸಿಫಿಕ್‌ನ ಪಿ-38 ಪೈಲಟ್‌ಗಳು ಈ ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡು ಕಾದಾಡಿದರು. ಜಪಾನಿನ ಜೀರೊ ಫೈಟರ್ ಜೊತೆ ನಿಧಾನ ವೇಗದಲ್ಲಿ ಸುತ್ತಬೇಡ. ಎತ್ತರದಿಂದ ಎರಗು, ಹೊಡೆ, ಅದೇ ವೇಗದಲ್ಲಿ ಮತ್ತೆ ಮೇಲಕ್ಕೇರು. ಈ ದಾರಿಯಲ್ಲಿ ರಿಚರ್ಡ್ ಬಾಂಗ್ 40 ವಿಮಾನ ಉರುಳಿಸಿದರು. 38 ಉರುಳಿಸಿದ್ದ ಥಾಮಸ್ ಮೆಗ್ವಾಯರ್ 1945ರ ಜನವರಿ 7ರಂದು ಫಿಲಿಪೀನ್ಸ್‌ನ ನೀಗ್ರೋಸ್ ದ್ವೀಪದ ಮೇಲೆ, ಹೊರಗೆ ತೂಗುಹಾಕಿದ ಹೆಚ್ಚುವರಿ ಇಂಧನದ ಟ್ಯಾಂಕ್ ಕಳಚದೆ, ತೀರಾ ಕೆಳಮಟ್ಟದಲ್ಲಿ ಬಿಗಿಯಾಗಿ ತಿರುಗಲು ಹೋಗಿ ನೆಲಕ್ಕಪ್ಪಳಿಸಿದರು.

ಎರಗುವುದಕ್ಕೂ ಮಿತಿಯಿತ್ತು. ಬಹಳ ಎತ್ತರದಿಂದ ನೇರ ಧುಮುಕಿದರೆ ರೆಕ್ಕೆಯ ಮೇಲಿನ ಗಾಳಿ ಶಬ್ದವೇಗ ಮುಟ್ಟಿ, ಬಾಲ ನಡುಗಿ, ಮೂತಿ ಇನ್ನೂ ಕೆಳಕ್ಕೆ ಬಾಗುತ್ತಿತ್ತು; ಸ್ಟಿಕ್ ಎಳೆದರೂ ಏಳದು. 1944ರಲ್ಲಿ ರೆಕ್ಕೆಯಡಿ ಡೈವ್ ಫ್ಲ್ಯಾಪ್, ಅಂದರೆ ಧುಮುಕುವಾಗ ಬಿಚ್ಚುವ ಹಲಗೆ, ಬಂದ ಮೇಲೆ ಇದು ಹಿಡಿತಕ್ಕೆ ಬಂತು.

ಯುರೋಪಿನಲ್ಲಿ ಪಿ-38ರ ತೊಂದರೆ ಕಾಕ್‌ಪಿಟ್ಟಿನೊಳಗೇ ಇತ್ತು. ಇಂಧನ ಉಳಿಸುತ್ತಾ ಹೋಗುತ್ತಿದ್ದವನ ಮೇಲೆ ಶತ್ರು ಎರಗಿದ ಎನ್ನಿ. ಮೊದಲು ಎರಡೂ ಇಂಜಿನ್ನಿನ ಮಿಕ್ಸ್‌ಚರ್ ದಪ್ಪ ಮಾಡಬೇಕು, ಅಂದರೆ ಗಾಳಿಯ ಜೊತೆ ಬೆರೆಯುವ ಇಂಧನ ಹೆಚ್ಚಿಸಬೇಕು, ಪ್ರೊಪೆಲ್ಲರ್ ಸುತ್ತು ಏರಿಸಬೇಕು, ಆಮೇಲಷ್ಟೇ ಶಕ್ತಿ ಏರಿಸುವ ಹಿಡಿಕೆ, ಥ್ರಾಟಲ್. ಬಗ್ಗಿ ಇಂಧನದ ಕೀಲಿಗಳನ್ನು ಮುಖ್ಯ ಟ್ಯಾಂಕಿಗೆ ತಿರುಗಿಸಬೇಕು. ಹೊರಗಿನ ಟ್ಯಾಂಕ್ ಕಳಚುವ ಸ್ವಿಚ್, ಬಟನ್. ಗನ್ ಬಿಸಿ ಮಾಡುವ ಸ್ವಿಚ್. ಕೊನೆಗೆ ಗನ್‌ಗಳನ್ನು ಹೊಡೆಯಲು ಸಜ್ಜುಗೊಳಿಸುವ ಕಾಂಬ್ಯಾಟ್ ಸ್ವಿಚ್. ಗಾಬರಿಯಲ್ಲಿ ಸುತ್ತು ಏರಿಸುವ ಮೊದಲೇ ಥ್ರಾಟಲ್ ತಳ್ಳಿದರೆ ಸಿಲಿಂಡರಿನೊಳಗೆ ಇಂಧನ ಸಿಡಿದು ಇಂಜಿನ್ನೇ ಹಾಳು. ಹೊಸ ಹುಡುಗರು ಸತ್ತದ್ದು ಹೇಡಿತನದಿಂದಲ್ಲ, ಈ ಸ್ವಿಚ್‌ಗಳ ಗೊಂದಲದಲ್ಲಿ.

ಒಂದು ಇಂಜಿನ್ ಕೆಟ್ಟರೆ ಇನ್ನೊಂದು ಇದೆಯಲ್ಲ ಎನ್ನಬಹುದು. ಎತ್ತರದಲ್ಲಿ ನಿಜ, ಎಷ್ಟೋ ಜನ ಒಂದೇ ಇಂಜಿನ್ನಿನಲ್ಲಿ ಮನೆ ಸೇರಿದರು. ಟೇಕಾಫ್ ಆದ ಕೂಡಲೇ ಕೆಟ್ಟರೆ ಮಾತೇ ಬೇರೆ. ವೇಗ ಗಂಟೆಗೆ ಸುಮಾರು 120 ಮೈಲಿ ದಾಟಿಲ್ಲದಿದ್ದರೆ, ಪೂರ್ತಿ ಶಕ್ತಿಯಲ್ಲಿರುವ ಇಂಜಿನ್ನು ವಿಮಾನವನ್ನು ಸತ್ತ ಇಂಜಿನ್ನಿನ ಕಡೆಗೆ ಮಗುಚಿಹಾಕುತ್ತದೆ. ಮನಸ್ಸು ಶಕ್ತಿ ಹೆಚ್ಚಿಸು ಎನ್ನುತ್ತದೆ, ಮಾಡಬೇಕಾದ್ದು ತದ್ವಿರುದ್ಧ: ಚೆನ್ನಾಗಿರುವ ಇಂಜಿನ್ನಿನ ಶಕ್ತಿ ತಗ್ಗಿಸಿ, ಬಾಲದ ಚುಕ್ಕಾಣಿಯಾದ ರಡ್ಡರ್‌ನ ಪೆಡಲ್ ಒತ್ತಿ ವಿಮಾನ ನೇರ ಮಾಡಿ, ಸತ್ತ ಪ್ರೊಪೆಲ್ಲರಿನ ಅಲಗುಗಳು ಗಾಳಿಗೆ ಅಂಚು ಕೊಡುವಂತೆ ತಿರುಗಿಸಿ, ಆಮೇಲೆ ಮೆಲ್ಲಗೆ ಶಕ್ತಿ ಏರಿಸುವುದು.

ನನ್ನ ಪ್ರಕಾರ ಈ ಜಾತಿಯ ವಿಮಾನಕ್ಕೆ ಹೇಳಿ ಮಾಡಿಸಿದ ಜಾಗ ರಾತ್ರಿಯ ಆಕಾಶ. ರೇಡಾರ್ ಹೊರಲು, ಅದನ್ನು ನೋಡಲು ಇನ್ನೊಬ್ಬನನ್ನು ಕೂರಿಸಲು ಜಾಗವಿತ್ತು. ಬಾಂಬರ್‌ಗಳ ಹಿಂದೆ ಗಿರಕಿ ಹೊಡೆಯುವ ಕೆಲಸ ಇರಲಿಲ್ಲ. ಹಗಲಲ್ಲಿ ಸೋತ ಮೆಸರ್ಶ್ಮಿಟ್ 110 ಕೂಡ ರಾತ್ರಿ ಬ್ರಿಟಿಷ್ ಬಾಂಬರ್‌ಗಳಿಗೆ ಯಮನಾಯಿತು. ಬ್ರಿಟಿಷರ ಬ್ಯೂಫೈಟರಿನಲ್ಲಿ ನಾಲ್ಕು 20 ಮಿ.ಮೀ. ಫಿರಂಗಿ. ಅದರ ಮೊದಲ ರೇಡಾರ್‌ಗೆ ನೆಲದ ಪ್ರತಿಧ್ವನಿ ಅಡ್ಡಬರುತ್ತಿದ್ದರಿಂದ ವಿಮಾನ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ದೂರ ಕಾಣುತ್ತಿತ್ತು. ತೀರಾ ಹತ್ತಿರ ಬಂದರೆ ಪರದೆಯ ಗುರುತೂ ಮಾಯ. ಕೊನೆಯ ಕೆಲವು ನೂರು ಅಡಿ ಪೈಲಟ್ಟಿನ ಕಣ್ಣಿಗೇ ಬಿಟ್ಟದ್ದು. ಹಿಂದಿನಿಂದ, ತುಸು ಕೆಳಗಿನಿಂದ ಬಂದು, ವೇಗ ತಗ್ಗಿಸಿ, ಎದುರಿನ ಇಂಜಿನ್ನಿನ ಹೊಗೆಕೊಳವೆಯ ಕಿಡಿ ಹುಡುಕಬೇಕು. ವೇಗ ತಗ್ಗಿಸದಿದ್ದರೆ ಗುರಿಯನ್ನು ದಾಟಿ ಮುಂದೆ ಹೋಗಿ, ತಾನೇ ಅದರ ಗನ್ನರ್‌ಗೆ ಗುರಿಯಾಗಬೇಕು. 1943ರ ಜನವರಿ 15ರ ರಾತ್ರಿ ಕಲ್ಕತ್ತಾ ಮೇಲೆ 176ನೇ ಸ್ಕ್ವಾಡ್ರನ್ನಿನ ಒಂದೇ ಬ್ಯೂಫೈಟರ್ ಮೂರು ಜಪಾನಿ ಬಾಂಬರ್‌ಗಳನ್ನು ಕೆಡವಿದ್ದು ಹೀಗೆಯೇ.