ಲೆಕ್ಕ ಹಾಕಿ ಬರೆದ ಚಿತ್ರ

ಕೇಳುಗರಿಗೆ ನಮಸ್ಕಾರ.

ಹಿಂದೆ ಟಿವಿಯಲ್ಲಿ ಕಾರ್ಯಕ್ರಮ ಶುರುವಾಗುವ ಮೊದಲು ಬಣ್ಣದ ಪಟ್ಟೆಗಳು ನಿಂತಿರುತ್ತಿದ್ದವು, ಜೊತೆಗೆ ಕುಂಯ್ ಅನ್ನುವ ಒಂದೇ ಸದ್ದು. ನೆನಪಿದೆ ಅಲ್ವಾ? ಎಡದಿಂದ ಬಿಳಿ, ಹಳದಿ, ಸಯಾನ್ ಅನ್ನುವ ಹಸಿರು ಮಿಶ್ರಿತ ತಿಳಿನೀಲಿ, ಹಸಿರು, ಮಜೆಂಟಾ ಅನ್ನುವ ಗಾಢ ಗುಲಾಬಿ, ಕೆಂಪು, ನೀಲಿ, ಕೊನೆಗೆ ಕಪ್ಪು. ಅದನ್ನು ಚಂದಕ್ಕೆ ಅಂತ ಜೋಡಿಸಿದ್ದಲ್ಲ, ಕಳಿಸಿದ ಚಿತ್ರ ಆ ಕಡೆ ಕೆಡದೆ ತಲುಪುತ್ತದಾ ಅಂತ ಪರೀಕ್ಷಿಸಲು ಲೆಕ್ಕ ಹಾಕಿ ಬರೆದ ಚಿತ್ರ. ಹಸಿರಿಗೆ 4, ಕೆಂಪಿಗೆ 2, ನೀಲಿಗೆ 1 ಅಂತ ಅಂಕ ಕೊಟ್ಟು ನೋಡಿ. ಬಿಳಿಯಲ್ಲಿ ಮೂರೂ ಇವೆ, ಹಾಗಾಗಿ 7. ಹಳದಿಯಲ್ಲಿ ಹಸಿರು, ಕೆಂಪು ಸೇರಿ 6. ಸಯಾನ್‌ನಲ್ಲಿ ಹಸಿರು, ನೀಲಿ ಸೇರಿ 5. ಹೀಗೇ ಇಳಿಯುತ್ತಾ ಕಪ್ಪಿಗೆ ಸೊನ್ನೆ. ಹಸಿರಿಗೇ ಯಾಕೆ ಜಾಸ್ತಿ ಅಂಕ? ನಮ್ಮ ಕಣ್ಣಿಗೆ ಅದೇ ಹೆಚ್ಚು ಬೆಳಕಾಗಿ ಕಾಣುವುದು. ಹಳೆಯ ಟಿವಿ ಲೆಕ್ಕದಲ್ಲಿ ಬಿಳಿಯ ಬೆಳಕಿಗೆ ಹಸಿರಿನ ಪಾಲು 0.587, ಕೆಂಪಿನದು 0.299, ನೀಲಿಯದು ಬರೀ 0.114. ಹಾಗಾಗಿ ಬಣ್ಣ ತೆಗೆದು ನೋಡಿದರೂ ಪಟ್ಟೆಗಳು ಎಡದಿಂದ ಬಲಕ್ಕೆ ಕ್ರಮವಾಗಿ ಕಪ್ಪಾಗುತ್ತಾ ಹೋಗಬೇಕು. ಹೋಗದಿದ್ದರೆ ಎಲ್ಲೋ ಏನೋ ಕೆಟ್ಟಿದೆ.

ಈ ಪರೀಕ್ಷೆಗೆ ಸುಮ್ನೆ ಒಂದು ಸಿನಿಮಾ ಹಾಕಿ ನೋಡಿದರೆ ಸಾಲದಾ? ಸಾಲದು. ನಾಯಕಿಯ ಸೀರೆಯ ಅಸಲಿ ಬಣ್ಣ ನಮಗೇನು ಗೊತ್ತು? ಸೂತ್ರ ಹಾಕಿ ಬರೆದ ಚಿತ್ರದಲ್ಲಾದರೆ ಪ್ರತಿ ಪಿಕ್ಸೆಲ್ಲಿನ, ಅಂದರೆ ಪರದೆಯ ಪ್ರತಿ ಚುಕ್ಕೆಯ, ಅಂಕಿ ಮೊದಲೇ ಗೊತ್ತಿರುತ್ತದೆ. ಆ ಕಡೆಯಿಂದ ಬಂದ ಅಂಕಿಯನ್ನು ಅದರಿಂದ ಕಳೆದರೆ ತಪ್ಪು ಎಷ್ಟು, ಎಲ್ಲಿ ಅಂತ ಸಿಕ್ಕಿಬಿಡುತ್ತದೆ.

ಇಂಥ ಚಿತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಝೋನ್ ಪ್ಲೇಟ್. ರೇಡಿಯೋದಲ್ಲಿ ಚಿತ್ರ ತೋರಿಸಲಾರೆ, ನೀವೇ ಊಹಿಸಿಕೊಳ್ಳಬೇಕು. ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳಂತೆ ಉಂಗುರದ ಸುತ್ತ ಉಂಗುರ. ಆದರೆ ಹೊರಗೆ ಹೋದಷ್ಟೂ ಉಂಗುರಗಳು ಒತ್ತೊತ್ತಾಗುತ್ತವೆ. ಬರೆಯುವುದು ಸುಲಭ. ನಡುವಿನಿಂದ ಪಿಕ್ಸೆಲ್ ಅಡ್ಡಕ್ಕೆ ಎಷ್ಟು ದೂರ, ಉದ್ದಕ್ಕೆ ಎಷ್ಟು ದೂರ, ಎರಡರ ವರ್ಗವನ್ನೂ ಕೂಡಿಸಿ. ಅದನ್ನು ಪೈಯಿಂದ ಗುಣಿಸಿ, 1920ರಿಂದ ಭಾಗಿಸಿ, ಕೊಸೈನ್ ತೆಗೆಯಿರಿ. ಬಂದದ್ದನ್ನು 109.5ರಿಂದ ಗುಣಿಸಿ 125.5 ಕೂಡಿಸಿದರೆ, ವಿಡಿಯೋದ ಕಪ್ಪು 16ರಿಂದ ಬಿಳಿ 235ರೊಳಗೆ ಅಂಕಿ ಕೂರುತ್ತದೆ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಎಡ, ಬಲ ಅಂಚು ಮುಟ್ಟುವಾಗ ಒಂದು ಪಿಕ್ಸೆಲ್ ಬೆಳಕು, ಒಂದು ಕತ್ತಲು. ಅದಕ್ಕಿಂತ ಸಣ್ಣ ಗೆರೆ ಆ ಪರದೆಯಲ್ಲಿ ಹಿಡಿಯುವುದೇ ಇಲ್ಲ.

ಈಗ ಈ ಚಿತ್ರವನ್ನು ಅರ್ಧಕ್ಕೆ ಕಿರಿದು ಮಾಡಿ. ಯಂತ್ರ ಸೋಮಾರಿತನ ಮಾಡಿ ಒಂದು ಬಿಟ್ಟು ಒಂದು ಪಿಕ್ಸೆಲ್ ಎತ್ತಿಕೊಂಡಿತೋ, ಎಡ, ಬಲ ಅಂಚಿನಲ್ಲಿ ನಾವು ಬರೆದೇ ಇಲ್ಲದ ಹೊಸ ಉಂಗುರಗಳು ಎದ್ದು ನಿಲ್ಲುತ್ತವೆ. ಅತಿ ಸಣ್ಣ ಗೆರೆಗಳನ್ನು ಮೊದಲೇ ಸವರಿಬಿಡುವ ಒಳ್ಳೆಯ ಫಿಲ್ಟರ್ ಇದ್ದರೆ ಅಲ್ಲಿ ಬರೀ ಬೂದು ಬಣ್ಣ. ಇದೇ ತಪ್ಪು ಸಿನಿಮಾದಲ್ಲಾದರೆ ಚೌಕುಳಿ ಅಂಗಿಯ ಮೇಲೆ ಏನೋ ಮಿಣಮಿಣ ಅಂದಂತೆ ಕಂಡು ಮಾಯವಾಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಬಣ್ಣಕ್ಕೂ ಒಂದು ಪರೀಕ್ಷೆ ಇದೆ. ಸಾಮಾನ್ಯ ವಿಡಿಯೋದಲ್ಲಿ ನಾಲ್ಕು ಪಿಕ್ಸೆಲ್ಲಿಗೆ ಸೇರಿ ಒಂದೇ ಬಣ್ಣದ ಮಾಹಿತಿ ಇಡುತ್ತಾರೆ, ಜಾಗ ಉಳಿಸಲು. ಒಂದು ಪಿಕ್ಸೆಲ್ ಕೆಂಪು, ಒಂದು ಪಿಕ್ಸೆಲ್ ನೀಲಿ ಅಂತ ಗೆರೆ ಬರೆದು ಕಳಿಸಿ, ಆ ಕಡೆ ಮಾಸಲು ನೇರಳೆ ಬರುತ್ತದೆ.

ನಿಂತ ಚಿತ್ರವನ್ನು ಈಗಿನ ಕಂಪ್ರೆಷನ್, ಅಂದರೆ ವಿಡಿಯೋವನ್ನು ಕಡಿಮೆ ಜಾಗಕ್ಕೆ ಕುಗ್ಗಿಸುವ ವಿಧಾನ, ಆರಾಮಾಗಿ ನಿಭಾಯಿಸುತ್ತದೆ. ಅದನ್ನು ಕಾಡಬೇಕಾದರೆ ಸೂತ್ರದೊಳಗೆ ಸಮಯವನ್ನೂ ಸೇರಿಸಬೇಕು, ಆಗ ಉಂಗುರಗಳು ಹೊರಕ್ಕೆ ಓಡುತ್ತವೆ. ಜೊತೆಗೆ ಮೂಲೆಯಲ್ಲಿ ಫ್ರೇಮಿನ, ಅಂದರೆ ವಿಡಿಯೋದ ಒಂದೊಂದು ಚಿತ್ರದ, ಸಂಖ್ಯೆಯನ್ನು ಕಪ್ಪು ಬಿಳಿ ಚೌಕಗಳಲ್ಲಿ, ಬರೀ 0 ಮತ್ತು 1 ಇರುವ ಎರಡರ ಲೆಕ್ಕದಲ್ಲಿ ಬರೆದಿಡಿ. ಆ ಕಡೆ ಚೌಕ ಓದಿದಾಗ 41ರ ನಂತರ 43 ಬಂತು ಅಂದರೆ ದಾರಿಯಲ್ಲಿ 42 ಬಿದ್ದುಹೋಗಿದೆ, ಹುಡುಕಲು ಹೊರಡಬೇಕು.