ಗರ್ಭದ ಲೆಕ್ಕ ಬರೆಯುವವರು

ಅಧ್ಯಕ್ಷರೇ, ಹಿರಿಯರೇ, ಗೆಳೆಯ ಗೆಳತಿಯರೇ,

ಚೀನೀ ಲೇಖಕ ಮಾ ಜಿಯಾನ್ ಅವರ ‘ದ ಡಾರ್ಕ್ ರೋಡ್’ ಕಾದಂಬರಿಯನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಚೀನಾದ ಬಸುರಿಯ ಕಥೆ ಚಿಕ್ಕಮಗಳೂರಿನವರಿಗೆ ಯಾಕೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿತ್ತು. 1978ರ ನವೆಂಬರಿನಲ್ಲಿ ಇಲ್ಲಿ ನಿಂತು ಗೆದ್ದ ಇಂದಿರಾ ಗಾಂಧಿ ಅದಕ್ಕೆ ಮುಂಚೆ ರಾಯ್‌ಬರೇಲಿಯಲ್ಲಿ ಸೋತಿದ್ದೇಕೆ ಎಂಬುದನ್ನು ಈ ಸಭೆಗೆ ನೆನಪಿಸಬೇಕಾಗಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಕಾದಂಬರಿಯ ಮೇಯ್ಲಿ ಹಳ್ಳಿಯ ಹೆಣ್ಣುಮಗಳು. ಅವಳ ಗಂಡ ಕಾಂಗ್‌ಜಿ ಶಾಲಾ ಮೇಷ್ಟ್ರು. ಕನ್‌ಫ್ಯೂಷಿಯಸ್‌ನ ವಂಶದವನೆಂಬ ಹೆಮ್ಮೆಯವನು, ಆ ವಂಶ ತನ್ನಲ್ಲಿಗೆ ನಿಲ್ಲಬಾರದೆಂಬ ಹಟದವನು. ಮೊದಲನೆಯದು ಹೆಣ್ಣು. ಅನುಮತಿಯಿಲ್ಲದೆ ಮೇಯ್ಲಿ ಮತ್ತೆ ಬಸುರಾಗುತ್ತಾಳೆ, ಕುಟುಂಬ ಯೋಜನೆಯ ಅಧಿಕಾರಿಗಳು ಊರಿಗೆ ನುಗ್ಗುತ್ತಾರೆ, ಸಂಸಾರ ಯಾಂಗ್‌ಟ್ಸೆ ನದಿಯ ದಾರಿ ಹಿಡಿದು ದಕ್ಷಿಣಕ್ಕೆ ಓಡುತ್ತದೆ. ಆದರೂ ಸಿಕ್ಕಿಬೀಳುತ್ತದೆ. ತುಂಬು ಬಸುರಿಗೆ ಬಲವಂತದಿಂದ ಗರ್ಭಪಾತ ಮಾಡಿಸುವ ಆ ಪುಟಗಳನ್ನು ನಾನು ಇಲ್ಲಿ ಓದುವುದಿಲ್ಲ. ಓದಿದವರಿಗೆ ಗೊತ್ತು, ಓದದವರು ಊಟವಾದ ಮೇಲೆ ಓದದಿರುವುದು ಒಳ್ಳೆಯದು. ಕಥೆಯ ಕೆಲವು ಭಾಗಗಳನ್ನು ನೋಡುವುದು ಹುಟ್ಟದ ಮಗುವಿನ ಆತ್ಮ. ಕೊನೆಕೊನೆಗೆ ಗರ್ಭದಲ್ಲಿರುವ ಶಿಶು ಈ ಲೋಕಕ್ಕೆ ಬರಲೊಲ್ಲದೆ ವರ್ಷಗಟ್ಟಲೆ ಹೊಟ್ಟೆಯಲ್ಲೇ ಉಳಿದುಬಿಡುತ್ತದೆ. ಸಂಕಟದ ಮೇಲೆ ಸಂಕಟ ಹೇರುವ ಚಟ ಈ ಲೇಖಕರಿಗಿದೆ, ಕೆಲವು ಕಡೆ ಅದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಹುಟ್ಟಲೊಲ್ಲದ ಆ ಶಿಶುವಿನ ಕಲ್ಪನೆಗೆ ನಾನು ತಲೆಬಾಗುತ್ತೇನೆ.

ಇದನ್ನು ಡಿಸ್ಟೋಪಿಯ, ಅಂದರೆ ಕರಾಳ ಲೋಕವೊಂದರ ಕಲ್ಪನೆ ಎಂದು ಕರೆದು ಕಪಾಟಿಗೆ ಸೇರಿಸುವುದು ನಮಗೆ ಅನುಕೂಲ. ಚೀನಾದ ಒಂದೇ ಮಗುವಿನ ನೀತಿಗೆ ತೆರೆಬಿದ್ದದ್ದು 2016ರ ಜನವರಿಯಲ್ಲಿ, ಅಂದರೆ ನಮ್ಮೆಲ್ಲರ ಕೈಗೆ ಸ್ಮಾರ್ಟ್‌ಫೋನ್ ಬಂದಾದ ಮೇಲೆ. ನನಗೆ ಮುಖ್ಯವೆನಿಸುವುದು ಇಷ್ಟು: ಮೇಯ್ಲಿಯ ಗರ್ಭಕ್ಕೆ ಇಬ್ಬರು ಯಜಮಾನರು. ಸರ್ಕಾರ ಬೇಡವೆನ್ನುತ್ತದೆ, ಗಂಡ ಬೇಕೆನ್ನುತ್ತಾನೆ. ಇಬ್ಬರೂ ಲೆಕ್ಕ ಹಾಕುತ್ತಾರೆ, ಅವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಮೊದಲನೆಯದು ಹೆಣ್ಣಾದರೆ ಇನ್ನೊಂದಕ್ಕೆ ಅವಕಾಶ ಎಂಬ ವಿನಾಯಿತಿ ಚೀನಾದ ಎಷ್ಟೋ ಗ್ರಾಮೀಣ ಪ್ರದೇಶಗಳಲ್ಲಿತ್ತು. ಯಜಮಾನರಿಬ್ಬರೂ ರಾಜಿಯಾದರೆ ಹೀಗಾಗುತ್ತದೆ. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎನ್ನುವ ನಾವು ನಗುವಂತಿಲ್ಲ.

ಈಗ ನಮ್ಮ ಸೋದರಮಾವನ ಕಥೆ ಹೇಳಲೇಬೇಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅವರು ಮಲೆನಾಡಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಮೇಲಿನಿಂದ ಮೌಖಿಕ ಅಪ್ಪಣೆ ಬಂತು: ಇಂತಿಷ್ಟು ‘ಕೇಸು’, ಅಂದರೆ ಸಂತಾನಹರಣ ಆಪರೇಷನ್ನಿಗೆ ಜನರನ್ನು ತರಬೇಕು, ಇಲ್ಲದಿದ್ದರೆ ಇನ್‌ಕ್ರಿಮೆಂಟ್ ಮರೆತುಬಿಡಿ. ಮಾವ ತೋಟದ ಲೈನ್ ಮನೆಗಳಿಗೆ ಹೋದರು. ಸೈಕಲ್ ಬೆಲ್ಲು ಕೇಳಿದರೆ ಗಂಡಸರು ಕಾಫಿಗಿಡದ ಮರೆ ಸೇರುತ್ತಿದ್ದರು. ಕೊನೆಗೆ ತಾನಾಗಿ ಬಂದವನು ಒಬ್ಬ ಅಜ್ಜ. ಹೆಂಡತಿ ತೀರಿಕೊಂಡು ಕಾಲವಾಗಿತ್ತು, ಹಲ್ಲು ಬಿದ್ದಿದ್ದವು, ಬೇಕಾಗಿದ್ದದ್ದು ಕಂಬಳಿಗೆ ದುಡ್ಡು. ‘ಅಜ್ಜ, ನಿನಗೆ ಇದು ಯಾಕೋ?’ ಎಂದರೆ, ‘ನಿಮಗೆ ಒಂದು ಲೆಕ್ಕ ಬೇಕು, ನನಗೆ ಚಳಿ, ಇಬ್ಬರದೂ ಆಗಲಿ ಮೇಷ್ಟ್ರೇ’ ಎಂದನಂತೆ. ಆಪರೇಷನ್ ಆಯಿತು, ಕಂಬಳಿ ಬಂತು, ಇನ್‌ಕ್ರಿಮೆಂಟೂ ಉಳಿಯಿತು. ರಿಜಿಸ್ಟರಿನಲ್ಲಿ ಆ ವಿಧುರನನ್ನು ‘ರಕ್ಷಿತ ದಂಪತಿ’ಗಳ ಕಲಮಿನಲ್ಲಿ ಬರೆದುಕೊಂಡರಂತೆ. ಈ ಕಥೆಯನ್ನು ಮಾವ ಮದುವೆಮನೆಗಳಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಅತ್ತೆ ಮಾತ್ರ ಒಮ್ಮೆಯೂ ನಕ್ಕದ್ದನ್ನು ನಾನು ಕಾಣೆ. ಮೂರನೆಯ ಹೆರಿಗೆಯ ಮರುದಿನವೇ ಅವರಿಗೂ ಆಪರೇಷನ್ ಆಗಿತ್ತು. ಸಹಿ ಹಾಕಿದವರು ಮಾವ.

ಈಗ 1978ಕ್ಕೆ ಬರೋಣ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಆದವು. ಉತ್ತರ ಭಾರತ 1977ರಲ್ಲಿ ಸರ್ಕಾರವನ್ನೇ ಕಿತ್ತೆಸೆಯಿತು. ಉತ್ತರದಷ್ಟು ಬಲವಂತ ಕಾಣದ ಕರ್ನಾಟಕ ಅದೇ ಪಕ್ಷಕ್ಕೆ 28ರಲ್ಲಿ 26 ಸ್ಥಾನ ಕೊಟ್ಟಿತು, ಮರುವರ್ಷ ನಾವು ನಾಯಕಿಯನ್ನೇ ಸಂಸತ್ತಿಗೆ ಕಳುಹಿಸಿದೆವು. ಸರಿ. ಆದರೆ ಆ ಸೋಲಿನಿಂದ ಆಳುವವರು ಕಲಿತ ಪಾಠ ಯಾವುದು? ಗಂಡಸಿನ ಮೈ ಮುಟ್ಟಬಾರದು ಎಂಬ ಪಾಠ. ಇಡೀ ಕಾರ್ಯಕ್ರಮವೇ ಸದ್ದಿಲ್ಲದೆ ಹೆಂಗಸರ ಕಡೆಗೆ ಹೊರಳಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಹೆಣ್ಣಿನ ಸಂತಾನಹರಣ ಚಿಕಿತ್ಸೆಯನ್ನು ಅವಲಂಬಿಸಿದ ದಂಪತಿಗಳು ನೂರಕ್ಕೆ 37.9, ಗಂಡಿನದನ್ನು ಅವಲಂಬಿಸಿದವರು 0.3, ಕರ್ನಾಟಕದಲ್ಲಂತೂ ಮೊದಲನೆಯದು ಅರ್ಧಕ್ಕಿಂತ ಹೆಚ್ಚು. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರವೊಂದರಲ್ಲಿ 83 ಮಹಿಳೆಯರಿಗೆ ಕೆಲವೇ ಗಂಟೆಗಳಲ್ಲಿ ಆಪರೇಷನ್ ಮಾಡಿ ಮುಗಿಸಿದರು, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಗಂಡಸರಿಗೆ ಕತ್ತರಿ ಹಾಕಿದಾಗ ದೆಹಲಿಯ ಸರ್ಕಾರ ಬಿತ್ತು. ಇಷ್ಟು ಹೆಂಗಸರು ಸತ್ತಾಗ ಯಾವ ಸರ್ಕಾರವೂ ಬೀಳಲಿಲ್ಲ. ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಹೇಳಬೇಕಾಯಿತು.

ಚೀಟಿ ಬಂದಿದೆ, ಹತ್ತು ನಿಮಿಷ ಮೊದಲೇ ಬಂದಿತ್ತಂತೆ, ನಾನು ನೋಡಲಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ. ಎರಡನೆಯ ಯಜಮಾನನ, ಅಂದರೆ ಗಂಡನ ಬಗ್ಗೆ ಹೆಚ್ಚು ಹೇಳಬೇಕೆಂದಿದ್ದೆ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲದ ಸುದ್ದಿ ಎಲ್ಲರೂ ಓದಿದ್ದೀರಿ, ಅಷ್ಟು ಸಾಕು. 1930ರಲ್ಲೇ ಮೈಸೂರು ಸಂಸ್ಥಾನ, ಅಂದರೆ ನಮ್ಮದೇ ಹಳೆಯ ಸರ್ಕಾರ, ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳಿಗೆ ಆದೇಶ ಹೊರಡಿಸಿತ್ತು. ಕೇಳಿ ಬಂದವಳಿಗೆ ಸಲಹೆ ಕೊಡುವುದಕ್ಕೂ ಹಿಡಿದು ತರುವುದಕ್ಕೂ ಇರುವ ಅಂತರ ಬೇರೆಯೇ ಉಪನ್ಯಾಸದ ವಸ್ತು.

ಕೊನೆಯದಾಗಿ, ಗಾಳಿ ಈಗ ತಿರುಗಿದೆ. ಚೀನಾ 2021ರಲ್ಲಿ ಮೂರು ಮಕ್ಕಳಿಗೆ ಅನುಮತಿ ಕೊಟ್ಟಿತು. ಕರ್ನಾಟಕದ ಫಲವತ್ತತೆಯ ದರ, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಎಷ್ಟು ಮಕ್ಕಳೆಂಬ ಲೆಕ್ಕ, 2019–21ರ ಅದೇ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿದೆ, 2024ರಿಂದ ದಕ್ಷಿಣದ ಮುಖ್ಯಮಂತ್ರಿಗಳೇ ಹೆಚ್ಚು ಮಕ್ಕಳ ಮಾತೆತ್ತಿದ್ದಾರೆ. ಮೊದಲು ಬೇಡವೆಂದವರು ಈಗ ಹೆರಿ ಎನ್ನುತ್ತಿದ್ದಾರೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮಾತ್ರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ರಜೆ ಕೊಟ್ಟು, ಎರಡು ಮಕ್ಕಳಿರುವ ತಾಯಿಗೆ 12 ವಾರವೇ ಸಾಕೆಂದಿತು. ಮೂರನೆಯದನ್ನು ಹೆರಬೇಕಾದ ತೋಟದ ಕೆಲಸದವಳಿಗೆ ಉಳಿದ 14 ವಾರಗಳ ಕೂಲಿ ಯಾರು ಕೊಡುತ್ತಾರೆಂದು ಇಲ್ಲಿ ಕುಳಿತಿರುವ ವಕೀಲ ಮಿತ್ರರು ಪ್ರಶ್ನೋತ್ತರದಲ್ಲಿ ಹೇಳಲಿ. ನಮಸ್ಕಾರ.