ರೊಟ್ಟಿ ಬಡಿದು ಮನೆ ಕೊಂಡ ಲೆಕ್ಕ

ಬೆಳಿಗ್ಗೆ ನಾಲ್ಕೂವರೆ. ಈ ಪಟಪಟ ಸದ್ದು ನಮ್ಮ ಅಡುಗೆಮನೆಯದು. ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ಇದೇನೆಂದು ಹೇಳಬೇಕಾಗಿಲ್ಲ. ನಾನು, ನನ್ನ ಜೊತೆಗೆ ಕೂಲಿಗೆ ಬರುವ ಇಬ್ಬರು ಹೆಣ್ಣುಮಕ್ಕಳು, ದಿನಕ್ಕೆ 400 ಜೋಳದ ರೊಟ್ಟಿ. ಖಾನಾವಳಿಗಳಿಗೆ ಬಿಸಿ ರೊಟ್ಟಿ ಹೋಗುತ್ತದೆ, ಅಂಗಡಿಗಳಿಗೆ ಖಡಕ್ ರೊಟ್ಟಿ. ಈ ವಿಡಿಯೊದಲ್ಲಿ ಮಾತ್ರ ರೊಟ್ಟಿ ಮಾಡುವುದನ್ನು ತೋರಿಸುವುದಿಲ್ಲ. ಹಿಂದಿನ ವಿಡಿಯೊದಲ್ಲಿ ಹೊಸ ಮನೆಯ ಹೊಸ್ತಿಲು ನೋಡಿ ಬಹಳ ಜನ ಒಂದೇ ಪ್ರಶ್ನೆ ಕೇಳಿದ್ದೀರಿ: "ಅಕ್ಕಾ, ಸಂಬಳದ ಚೀಟಿ ಇಲ್ಲದೆ ನಿಮಗೆ ಸಾಲ ಯಾರು ಕೊಟ್ಟರು?"

ಇಗೋ, ನನ್ನ ಸಂಬಳದ ಚೀಟಿ. ಇನ್ನೂರು ಪುಟದ ನೋಟ್‌ಬುಕ್. ರಟ್ಟಿನ ಮೇಲೆ ಎಣ್ಣೆಯ ಕಲೆ, ಪುಟಗಳ ನಡುವೆ ಹಿಟ್ಟು. ಎಡಗಡೆ ಕೊಟ್ಟ ರೊಟ್ಟಿ, ಬಲಗಡೆ ಬಂದ ದುಡ್ಡು, ಕೆಂಪು ಪೆನ್ನಿನಲ್ಲಿ ಉದ್ರಿ. ರೊಟ್ಟಿಗೆ 8 ರೂಪಾಯಿಯಂತೆ 400ಕ್ಕೆ 3,200. ಜೋಳ, ಗಿರಣಿ, ಗ್ಯಾಸ್, ಇಬ್ಬರ ಕೂಲಿ ಕಳೆದರೆ ಕೈಯಲ್ಲಿ 950 ಉಳಿಯುತ್ತದೆ. ನಮ್ಮ ಮನೆಯವರು ಗೂಡ್ಸ್ ಆಟೋ ಓಡಿಸುತ್ತಾರೆ. ಡೀಸೆಲ್ ತೆಗೆದು ದಿನಕ್ಕೆ ಅವರದೊಂದು 600. ತಿಂಗಳಿಗೆ 26 ದಿನ ಹಿಡಿದರೂ ಇಬ್ಬರದು ಸೇರಿ 40 ಸಾವಿರ ದಾಟುತ್ತದೆ. ಸರ್ಕಾರಿ ಗುಮಾಸ್ತರ ಮನೆಗಿಂತ ಕಡಿಮೆಯೇನಲ್ಲ ಎಂದು ನಾನು ಜಂಬದಿಂದಲೇ 2023ರಲ್ಲಿ ಬ್ಯಾಂಕಿಗೆ ಹೋಗಿದ್ದೆ. ಯಾವ ಬ್ಯಾಂಕು ಎಂದು ಹೇಳುವುದಿಲ್ಲ, ಈಗಲೂ ಅಲ್ಲಿ ನನ್ನ ಖಾತೆ ಇದೆ.

ಅಲ್ಲಿಯ ಸಾಹೇಬರು ನೋಟ್‌ಬುಕ್ಕನ್ನು ಒಂದು ಬೆರಳಿನಿಂದ ಸರಿಸಿ, "ರಿಟರ್ನ್ ಎಲ್ಲಿ?" ಎಂದರು.

ಆದಾಯ ತೆರಿಗೆ ರಿಟರ್ನ್ ನನ್ನ ಬಳಿ ಇರಲಿಲ್ಲ. ಓಡಿಹೋಗಿ ತೆರಿಗೆ ಲೆಕ್ಕ ಬರೆಯುವವರೊಬ್ಬರ ಹತ್ತಿರ ಮಾಡಿಸಿದೆ. ಅವರು ಮಾಡಿದ್ದು ತಪ್ಪೆಂದು ಹೇಳಲಾರೆ. ಸಣ್ಣ ವ್ಯಾಪಾರಿಗಳಿಗೆ ಆಗಿನ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿ ಎಂಬ ಕಲಮಿತ್ತು. ವಹಿವಾಟಿನ ಶೇ 8ರಷ್ಟನ್ನು ಲಾಭ ಎಂದು ತೋರಿಸಿದರೆ ಸಾಕು. ಡಿಜಿಟಲ್ ಆಗಿ ಬಂದ ಹಣಕ್ಕಾದರೆ ಶೇ 6. ನನ್ನದು ವರ್ಷಕ್ಕೆ ಸುಮಾರು 10 ಲಕ್ಷದ ವ್ಯಾಪಾರ, ಆದ್ದರಿಂದ ಲಾಭ 80,000 ಎಂದು ಬರೆದರು. ತೆರಿಗೆ ಸೊನ್ನೆ. ನಾನೂ ಖುಷಿಯಾಗಿ ಅವರ ಮನೆಗೆ ಒಂದು ಕಟ್ಟು ರೊಟ್ಟಿ ಕಳಿಸಿದೆ. ಆ ಕಾಗದ ಹಿಡಿದು ಬ್ಯಾಂಕಿಗೆ ಹೋದರೆ ಸಾಹೇಬರು ಕ್ಯಾಲ್ಕುಲೇಟರ್ ಒತ್ತಿ, "ಅಮ್ಮಾ, ಇದರ ಪ್ರಕಾರ ನಿಮ್ಮ ತಿಂಗಳ ಆದಾಯ 6,666 ರೂಪಾಯಿ" ಎಂದರು. ನಗು ಬಂದದ್ದು ಅವರಿಗೆ, ಬೆವರಿದ್ದು ನಾನು.

ಶೇ 8 ಎಂಬುದು ಕನಿಷ್ಠ ಮಿತಿ. ಅದಕ್ಕಿಂತ ಹೆಚ್ಚು ಗಳಿಸಿದರೆ ಹೆಚ್ಚೇ ತೋರಿಸಬಹುದು, ತೋರಿಸಲೂಬೇಕು. ಮುಂದಿನ ಎರಡು ವರ್ಷ ನನ್ನ ನಿಜವಾದ ಲಾಭ, ಅಂದರೆ 2 ಲಕ್ಷದ 96 ಸಾವಿರದ ಆಸುಪಾಸು, ಇದ್ದದ್ದು ಇದ್ದಂತೆ ತೋರಿಸಿದೆ. ಹೊಸ ತೆರಿಗೆ ಪದ್ಧತಿಯಲ್ಲಿ ಆಗ 3 ಲಕ್ಷದವರೆಗೆ ತೆರಿಗೆಯೇ ಇರಲಿಲ್ಲ, ಹಾಗಾಗಿ ಒಂದು ಪೈಸೆಯೂ ಹೋಗಲಿಲ್ಲ. ಅಷ್ಟು ದಿನ ಯಾವ ತೆರಿಗೆಗೆ ಹೆದರಿ ಆದಾಯ ಮುಚ್ಚಿಟ್ಟಿದ್ದೆವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಜೊತೆಗೆ ಅಂಗಡಿಯವರಿಗೆಲ್ಲ ಕ್ಯೂಆರ್ ಕೋಡ್ ಕೊಟ್ಟೆ. ನಗದು ಬಂದರೆ ವಾರಕ್ಕೆರಡು ಸಲ ಖಾತೆಗೆ ಕಟ್ಟಿದೆ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ನೋಂದಣಿ, ಆಧಾರ್ ಮತ್ತು ಪ್ಯಾನ್ ಇದ್ದರೆ ಉಚಿತವಾಗಿ ಆಗುತ್ತದೆ, ಯಾರಾದರೂ ಸಾವಿರ ರೂಪಾಯಿ ಕೇಳಿದರೆ ಎದ್ದು ಬನ್ನಿ.

ಇನ್ನು ಸಿಬಿಲ್, ಅಂದರೆ ನಾವು ಸಾಲ ಹೇಗೆ ತೀರಿಸಿದ್ದೇವೆ ಎಂಬುದರ ವರದಿ ಮತ್ತು ಅದಕ್ಕೆ ಕೊಡುವ ಅಂಕ. ನಮ್ಮ ಮನೆಯಲ್ಲಿ ಈ ಮಾತು ಬಂದರೆ ಇವತ್ತಿಗೂ ಅತ್ತೆ ಎದ್ದು ಒಳಗೆ ಹೋಗುತ್ತಾರೆ. ಅಂಕ 300ರಿಂದ 900ರವರೆಗೆ ಇರುತ್ತದೆ. ನನ್ನ ಹೆಸರಿನಲ್ಲಿ ಎಂದೂ ಸಾಲವೇ ಇರಲಿಲ್ಲ, ಆದ್ದರಿಂದ ಅಂಕವೇ ಇರಲಿಲ್ಲ. ಸಾಲ ಮಾಡದೆ ಬದುಕಿದ್ದು ಒಳ್ಳೆಯ ಗುಣ ಎಂದುಕೊಂಡಿದ್ದೆ. ನಮ್ಮ ಮನೆಯವರದು 590. ಅವರೂ ಸಾಲ ಮಾಡಿರಲಿಲ್ಲ, ಸೋದರತ್ತೆಯ ಮಗನ ಬೈಕ್ ಸಾಲಕ್ಕೆ ಜಾಮೀನು ಹಾಕಿದ್ದರು. "ಸುಮ್ಮನೆ ಒಂದು ಸಹಿ ಅಣ್ಣಾ" ಎಂದಿದ್ದನಂತೆ. ಅವನು ಹತ್ತು ಕಂತು ಕಟ್ಟಿ ಪುಣೆಗೆ ಹೋದ. ಸಾಲಗಾರನ ವರದಿಯಲ್ಲಿ ಕಾಣುವ ಬಾಕಿ ಜಾಮೀನುದಾರನ ವರದಿಯಲ್ಲಿಯೂ ಕಾಣುತ್ತದೆ ಎಂಬುದು ನಮಗೆ ಗೊತ್ತಾದದ್ದು ಹೀಗೆ.

ಫೈನಾನ್ಸಿನವರು, "ಅರ್ಧ ಕಟ್ಟಿ, ಸೆಟಲ್ ಮಾಡೋಣ" ಎಂದು ಆಸೆ ತೋರಿಸಿದರು. ಒಪ್ಪಿದ್ದರೆ ವರದಿಯಲ್ಲಿ 'ಸೆಟಲ್ಡ್' ಎಂಬ ಪದ ಕುಳಿತುಬಿಡುತ್ತಿತ್ತು, ಅಂದರೆ ಇವರು ಪೂರ್ತಿ ಕಟ್ಟಿಲ್ಲ ಎಂದು ಮುಂದಿನ ಸಾಲದವರಿಗೆ ಡಂಗುರ ಹೊಡೆದಂತೆ. ಅದಕ್ಕೇ ಪೂರ್ತಿ 31,000 ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು, 'ಕ್ಲೋಸ್ಡ್' ಎಂದು ಹಾಕಿಸಿದೆವು. ವರದಿಯಲ್ಲಿ ತಪ್ಪಿದ್ದು ನೀವು ದೂರು ಕೊಟ್ಟರೆ 30 ದಿನದೊಳಗೆ ಸರಿಪಡಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ. ನನಗೂ ಅಂಕ ಬರಲೆಂದು ಬ್ಯಾಂಕಿನಲ್ಲಿ 20,000 ಠೇವಣಿ ಇಟ್ಟು, ಅದರ ಆಧಾರದ ಮೇಲೆ ಒಂದು ಕ್ರೆಡಿಟ್ ಕಾರ್ಡ್ ತೆಗೆದುಕೊಂಡು, ಗ್ಯಾಸ್ ಸಿಲಿಂಡರಿಗೆ ಮಾತ್ರ ಬಳಸಿ, ಪ್ರತಿ ತಿಂಗಳು ಪೂರ್ತಿ ಕಟ್ಟುತ್ತಾ ಬಂದೆ. ಆರು ತಿಂಗಳ ಮೇಲೆ ನನಗೂ ಒಂದು ಅಂಕ ಬಂತು.

ಮನೆ ಹುಡುಕಿದ ಕಥೆ ಉದ್ದ, ಚಿಕ್ಕದಾಗಿ ಹೇಳುತ್ತೇನೆ. ಮೊದಲು ಇಷ್ಟವಾದದ್ದು ಊರ ಹೊರಗಿನ 14 ಲಕ್ಷದ ಮನೆ. ಹೊಲವನ್ನು ಎನ್‌ಎ, ಅಂದರೆ ಕೃಷಿಯೇತರ ಜಮೀನು ಎಂದು ಮಾಡಿಸದೆ ತುಂಡು ಮಾಡಿ, ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟ ಜಾಗ. "ಎಲ್ಲರೂ ಹೀಗೇ ತೆಗೆದುಕೊಂಡಿದ್ದಾರೆ" ಎಂದರು ದಲ್ಲಾಳಿ. ಎಲ್ಲರೂ ತೆಗೆದುಕೊಂಡಿರಬಹುದು, ಸಾಲ ಮಾತ್ರ ಯಾರೂ ಕೊಡುವುದಿಲ್ಲ. ಕೊನೆಗೆ ಸಿಕ್ಕಿದ್ದು ಆಳಂದ ರಸ್ತೆ ಕಡೆಯ ಈ ಹಳೆಯ ಮನೆ. 20x30 ಜಾಗ, ಎರಡು ಕೋಣೆ, 19 ಲಕ್ಷ. ನೆಲಕ್ಕೆ ಶಹಾಬಾದ್ ಪರಸಿ. ನಮ್ಮ ಬೇಸಿಗೆಗೆ ಇದರ ಮುಂದೆ ಯಾವ ಟೈಲ್ಸೂ ಇಲ್ಲ, ಮೇ ತಿಂಗಳಲ್ಲಿ ಬಂದು ಮಲಗಿ ನೋಡಿ.

2025ರ ಜುಲೈಯಲ್ಲಿ ಒಂದು ಗೃಹಸಾಲ ಸಂಸ್ಥೆಯ ಹುಡುಗ ಹೇಳದೆ ಕೇಳದೆ ಬೆಳಿಗ್ಗೆ ಆರಕ್ಕೆ ಬಾಡಿಗೆ ಮನೆಗೆ ಬಂದ. ಮೂಲೆಯಲ್ಲಿದ್ದ ಜೋಳದ ಚೀಲ ಎಣಿಸಿದ. ಹಂಚಿನ ಮುಂದೆ ಕುಳಿತು ಒಂದು ಗಂಟೆಗೆ ಎಷ್ಟು ರೊಟ್ಟಿ ಏಳುತ್ತವೆ ಎಂದು ಮೊಬೈಲಿನಲ್ಲಿ ಸಮಯ ಹಿಡಿದ. ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದ. ಮೊದಲ ಬಾರಿಗೆ ಒಬ್ಬರು ಅದನ್ನು ಓದಿದ್ದು! "ಅಕ್ಕಾ, ಡಿಸೆಂಬರಿನಲ್ಲಿ ಯಾಕೆ ಒಮ್ಮೆಲೆ ಏರಿದೆ?" ಎಂದ. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿಯ ಆರ್ಡರ್ ಎಂದೆ. "ಮಾರ್ಚಿನಲ್ಲಿ?" ಶರಣಬಸವೇಶ್ವರರ ಜಾತ್ರೆ. ಪುಟ ತಿರುಗಿಸಿ, ಬ್ಯಾಂಕ್ ಖಾತೆಯ ಜೊತೆ ತಾಳೆ ನೋಡಿ, ತಲೆ ಅಲ್ಲಾಡಿಸಿದ. ಶೇಂಗಾ ಹಿಂಡಿ ಹಾಕಿ ಎರಡು ಬಿಸಿ ರೊಟ್ಟಿ ಕೊಟ್ಟೆವು. ಲಂಚವಲ್ಲ, ಆ ಹೊತ್ತಿಗೆ ಬಂದವರಿಗೆಲ್ಲ ಕೊಡುತ್ತೇವೆ.

13 ಲಕ್ಷ ಮಂಜೂರಾಯಿತು. ಆದರೆ ಬಡ್ಡಿ ಕೇಳಿ: ಶೇ 11.5, 15 ವರ್ಷ, ಕಂತು 15,186. ಇದೇ ಸಾಲ ಶೇ 8.5ಕ್ಕೆ ಸಿಕ್ಕಿದ್ದರೆ ಕಂತು 12,802 ಆಗುತ್ತಿತ್ತು. ತಿಂಗಳಿಗೆ 2,384 ರೂಪಾಯಿ ಹೆಚ್ಚು, 15 ವರ್ಷಕ್ಕೆ 4 ಲಕ್ಷ 29 ಸಾವಿರ. ಸಂಬಳದ ಚೀಟಿ ಇಲ್ಲದ್ದಕ್ಕೆ ನಾವು ಕಟ್ಟುವ ದಂಡ ಇದು, ನನಗೆ ಇದರ ಬಗ್ಗೆ ಸಿಟ್ಟಿದೆ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ, ಆದ್ದರಿಂದ ಎರಡು ವರ್ಷ ತಪ್ಪದೆ ಕಟ್ಟಿ ಕಡಿಮೆ ಬಡ್ಡಿಯ ಬ್ಯಾಂಕಿಗೆ ಸಾಲ ವರ್ಗಾಯಿಸುವ ಯೋಚನೆ ಇದೆ. ಪ್ರಧಾನಮಂತ್ರಿ ಆವಾಸ್ ನಗರ 2.0ರ ಬಡ್ಡಿ ಸಹಾಯಧನಕ್ಕೂ ಅರ್ಜಿ ಹಾಕಿದ್ದೇವೆ. ವರ್ಷದ ಆದಾಯ 9 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ ಇದ್ದು ಬೇರೆಲ್ಲೂ ಪಕ್ಕಾ ಮನೆ ಇಲ್ಲದವರಿಗೆ ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ. ಬಂದಾಗ ಬರಲಿ, ಅದನ್ನು ನಂಬಿ ಕಂತಿನ ಲೆಕ್ಕ ಹಾಕಿಲ್ಲ.

ಉಳಿದ 6 ಲಕ್ಷಕ್ಕೆ ಎರಡು ಭಿಶಿ (ಚೀಟಿ) ಎತ್ತಿದೆ, ಬಂಗಾರ ಸ್ವಲ್ಪ ಮಾರಿದೆ, ಇಸಾರು (ಮುಂಗಡ) ಕೊಟ್ಟದ್ದು ಕೂಡಿಟ್ಟ ಹಣದಲ್ಲಿ. ಮಾರುವವರ ಇ-ಖಾತಾದಲ್ಲಿ, ಅಂದರೆ ಆಸ್ತಿಯ ಡಿಜಿಟಲ್ ದಾಖಲೆಯಲ್ಲಿ, ಹೆಸರಿನ ಒಂದಕ್ಷರ ತಪ್ಪಿತ್ತು. ಅದನ್ನು ತಿದ್ದಿಸುವಷ್ಟರಲ್ಲಿ ಆಗಸ್ಟ್ ಕಳೆಯಿತು. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಯಿತು. ಒಂದಕ್ಷರಕ್ಕೆ 19,000 ರೂಪಾಯಿ! ಮುದ್ರಾಂಕ, ಸೆಸ್ಸು ಎಲ್ಲ ಸೇರಿ ನೋಂದಣಿ ಕಚೇರಿಯಲ್ಲಿ ಕಟ್ಟಿದ್ದು 1 ಲಕ್ಷ 44 ಸಾವಿರ. ಇದಕ್ಕೆ ಸಾಲ ಸಿಗುವುದಿಲ್ಲ, ಮೊದಲೇ ತೆಗೆದಿಡಿ.

ಇದು ಅಕ್ಟೋಬರಿನ ಪುಟ. ಐದನೆಯ ತಾರೀಖು ನೋಡಿ: ಜೋಳ, ಗಿರಣಿ, ಗ್ಯಾಸ್, ಅದರ ಕೆಳಗೆ 'ಮನೆ 15,186'. ಮನೆ ಎಂದು ಬರೆಯುವಾಗ ಕೈಯಲ್ಲಿ ಹಿಟ್ಟಿತ್ತು, ಅದಕ್ಕೆ ಅಕ್ಷರ ಹೀಗೆ ಅಂಟಿದೆ. ನಾಳೆ ಒಂದು ಮದುವೆಗೆ 600 ರೊಟ್ಟಿ ಕೊಡಬೇಕು, ಗಿರಣಿ ಏಳಕ್ಕೆ ಬಾಗಿಲು ಹಾಕುತ್ತದೆ. ನಾನು ಹೊರಟೆ.